ಕುಂಡದೊಳಗಿನ ಹೊಗೆಸೊಪ್ಪು



ಮಾಳಿಗೆಯ ಮೇಲೆ, ಹಿತ್ತಿಲ ಗೋಡೆಯ ಬದಿಯಲ್ಲಿ, ಒಡೆದ ಬಕೆಟ್ಟು, ಎಣ್ಣೆಯ ಡಬ್ಬ, ಸಿಮೆಂಟಿನ ಚೀಲಗಳಲ್ಲಿ ಮಣ್ಣು ತುಂಬಿ ಹೊಗೆಸೊಪ್ಪಿನ ಗಿಡವನ್ನು ಬೆಳೆಸುವ ಹೊಸ ಹವ್ಯಾಸವೊಂದು ನಮ್ಮವರಲ್ಲಿ ಕೆಲವರನ್ನು ಹಿಡಿದಿದೆ. ಹಿಡಿದವರು ಓದುಬರಹ ಅರಿಯದವರಲ್ಲ, ವಾದ ಮಾಡಬಲ್ಲವರು. "ಅಂಗಡಿಯ ಪೊಟ್ಟಣದಲ್ಲಿ ಏನೇನು ಬೆರೆಸಿರುವರೋ ಬಲ್ಲವರಾರು? ಇದಾದರೋ ನಾವೇ ಬಿತ್ತಿದ್ದು. ಗೊಬ್ಬರ ನಮ್ಮ ಕೊಟ್ಟಿಗೆಯದು, ನೀರು ನಮ್ಮ ಬಾವಿಯದು. ಶುದ್ಧವಾದುದು" ಎನ್ನುತ್ತಾರೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು, ಇದು ನಮ್ಮ ಜಿಲ್ಲೆಯ ಹೆಸರಾಂತ ಬೆಳೆಯಾದಕಾರಣ ಶಾಲೆಯ ಕೈತೋಟದಲ್ಲಿಯೂ ಒಂದೆರಡು ಕುಂಡಗಳಿರಲಿ, ಮಕ್ಕಳು ನೋಡಿ ಕಲಿಯಲಿ ಎಂದು ಸಲಹೆಯಿತ್ತಿದ್ದಾರೆ. ಈ ಎರಡನ್ನೂ ನಾವು ವಿರೋಧಿಸುತ್ತೇವೆ. ಮೊದಲನೆಯದನ್ನು ವಿಷಾದದಿಂದ, ಎರಡನೆಯದನ್ನು ಕೋಪದಿಂದ.

ನಮ್ಮ ವಿರೋಧ ಯಾರ ಮೇಲೆ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳಿತು. ನಿಲಕ್ಕೋಟ್ಟೈ ಮಲ್ಲಿಗೆಯ ಊರು. ಆದರೆ ನಮ್ಮ ಜಿಲ್ಲೆ ಹೊಗೆಸೊಪ್ಪಿನ ಜಿಲ್ಲೆ. ದಿಂಡಿಗಲ್ಲಿನ ಸುತ್ತಣ ಹಳ್ಳಿಗಳಲ್ಲಿ ಬೆಳೆದ ಎಲೆಯೇ ಒಂದು ಕಾಲಕ್ಕೆ ತಿರುಚಿನಾಪಳ್ಳಿಯ ಸುರುಟಾಗಿ ಸಮುದ್ರ ದಾಟಿತು. 1887ರಲ್ಲಿ ಪ್ರಕಟವಾದ ಷರ್ಲಾಕ್ ಹೋಮ್ಸನ ಮೊದಲ ಕಾದಂಬರಿಯಲ್ಲಿ ಆ ಪತ್ತೇದಾರನು ಕೊಲೆಗಾರನ ಜಾಡು ಹಿಡಿಯುವಾಗ ಗುರುತಿಸುವುದು ಈ ತಿರುಚಿನಾಪಳ್ಳಿಯ ಸುರುಟಿನ ಬೂದಿಯನ್ನೇ. ಸ್ಪೆನ್ಸರ್ ಕಂಪನಿಯ ಸುರುಟಿನ ಕಾರ್ಖಾನೆ ದಿಂಡಿಗಲ್ಲಿನಲ್ಲಿತ್ತು. 1947ರಲ್ಲಿ ರಾಜಮಹೇಂದ್ರಿಯಲ್ಲಿ ಸ್ಥಾಪಿತವಾದ ಕೇಂದ್ರ ತಂಬಾಕು ಸಂಶೋಧನಾ ಸಂಸ್ಥೆಯು ನಮ್ಮ ವೇಡಸಂದೂರಿನಲ್ಲಿ ತನ್ನ ಶಾಖೆಯನ್ನು ತೆರೆದದ್ದು ಇಲ್ಲಿನ ಅಗಿಯುವ ಸೊಪ್ಪಿನ ಮತ್ತು ಸುರುಟಿನ ಸೊಪ್ಪಿನ ಬೇಸಾಯಕ್ಕಾಗಿಯೇ. ಬೇರೆ ಬೆಳೆ ಸರಿಯಾಗಿ ಒಪ್ಪದ ಸವಳು ನೀರಿನಲ್ಲಿ ಈ ಗಿಡ ಬಂದೀತೆಂದು ನೆಟ್ಟ ರೈತನೊಡನೆ ನಮಗೆ ಜಗಳವಿಲ್ಲ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ತಂಬಾಕು ಮಂಡಳಿಯ ನೋಂದಣಿ ಪಡೆದು, ಬ್ಯಾರನ್ನಿನ ಬೆಂಕಿಯ ಮುಂದೆ ಇರುಳೆಲ್ಲ ಎಚ್ಚರವಿದ್ದು ವರ್ಜೀನಿಯಾ ಎಲೆಯನ್ನು ಹದಮಾಡುವ ಕನ್ನಡಿಗ ರೈತನೊಡನೆಯೂ ಇಲ್ಲ. ನಿಪ್ಪಾಣಿಯಲ್ಲಿ ಬೀಡಿ ತಂಬಾಕಿನ ಬೆಲೆಗಾಗಿ 1981ರಲ್ಲಿ ರಸ್ತೆಗಿಳಿದ ರೈತರು ಪೊಲೀಸರ ಗುಂಡಿಗೆ ಬಲಿಯಾದುದನ್ನು ನಾವು ಮರೆತಿಲ್ಲ. ಅವರದು ಹೊಟ್ಟೆಯ ಪ್ರಶ್ನೆ. ಅವರಿಗೆ ಬದಲಿ ಬೆಳೆ ಬೇಕು, ಬದಲಿ ಮಾರುಕಟ್ಟೆ ಬೇಕು. ಭಾರತ ಸರ್ಕಾರ 2004ರಲ್ಲಿ ಅನುಮೋದಿಸಿದ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದದ 17ನೆಯ ವಿಧಿ ಹೇಳುವುದೂ ಅದನ್ನೇ. ಆ ಮಾತನ್ನು ಸರ್ಕಾರ ಎಷ್ಟರಮಟ್ಟಿಗೆ ನಡೆಸಿಕೊಟ್ಟಿದೆ ಎಂಬುದು ಬೇರೊಂದು ಲೇಖನಕ್ಕೆ ಸಾಲುವಷ್ಟು ದೊಡ್ಡ ಸಂಕಟ.

ಆದರೆ ಸಂಬಳವುಳ್ಳವರು, ಹೊಲವಿಲ್ಲದವರು, ಸಂಜೆಯ ಹೊತ್ತು ಕಳೆಯಲು ಮಾಳಿಗೆಯ ಮೇಲೆ ನಾಲ್ಕು ಕುಂಡಗಳನ್ನಿಟ್ಟವರು ಆ ರೈತನ ಬೆವರಿನ ಹಿಂದೆ ಅಡಗಿ ನಿಲ್ಲುವುದು ತರವೇ? "ನಮ್ಮ ಮಣ್ಣಿನ ಬೆಳೆ" ಎಂಬ ಮಾತು ಅವನ ಬಾಯಲ್ಲಿ ಅಳಲು. ಇವರ ಬಾಯಲ್ಲಿ ಅಲಂಕಾರ.

ಇನ್ನು ಶುದ್ಧತೆಯ ವಾದಕ್ಕೆ ಬರೋಣ. ನಿಜವಾಗಿ ಜನರನ್ನು ಮರುಳುಮಾಡುತ್ತಿರುವುದು ಇದೊಂದೇ.

ಹೊಗೆಸೊಪ್ಪಿನ ವಿಷ ವರ್ತಕನು ಬೆರೆಸಿದ್ದೆಂದು ಇವರು ತಿಳಿದಂತಿದೆ. ನಿಕೋಟಿನ್ ಎಂಬ ಆ ಕ್ಷಾರವನ್ನು ಗಿಡವೇ ತನ್ನ ಬೇರಿನಲ್ಲಿ ತಯಾರಿಸಿ ಎಲೆಗೆ ಕಳುಹಿಸುತ್ತದೆ. ಹೊಗೆಸೊಪ್ಪಿನ ಬೇರಿನ ಮೇಲೆ ಟೊಮೇಟೊ ಕುಡಿಯನ್ನು ಕಸಿಮಾಡಿದರೆ ಆ ಟೊಮೇಟೊ ಎಲೆಗಳಲ್ಲಿಯೂ ನಿಕೋಟಿನ್ ತುಂಬಿಕೊಳ್ಳುವುದನ್ನು ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದ್ದಾರೆ. ಕೊಟ್ಟಿಗೆಯ ಗೊಬ್ಬರವಾಗಲಿ ಬಾವಿಯ ನೀರಾಗಲಿ ಬೇರಿನ ಈ ಕಸುಬನ್ನು ತಪ್ಪಿಸಲಾರವು. ಗಿಡವು ಇದನ್ನು ಹೊರುವುದು ತನ್ನನ್ನು ತಿನ್ನಬಂದ ಹುಳುಗಳನ್ನು ಕೊಲ್ಲಲಿಕ್ಕೆ. ಅಷ್ಟೇ ಅಲ್ಲ, ಬೆಳೆಗಾರರು ಮಾಡುವಂತೆ ಹೂವಿನ ಕುಡಿಯನ್ನು ಚಿವುಟಿ, ಕಂಕುಳ ಚಿಗುರುಗಳನ್ನು ಮುರಿದರೆ ಎಲೆ ದಪ್ಪನಾಗುತ್ತದೆ, ನಿಕೋಟಿನ್ ಹೆಚ್ಚುತ್ತದೆ. ಮನೆಯ ಯಜಮಾನರು "ಎಲೆ ಚೆನ್ನಾಗಿ ಬಂತು" ಎಂದು ಹಿಗ್ಗುವುದು ಈ ಹೆಚ್ಚಳಕ್ಕೇ.

ಮುಂದಿನ ಸಂಗತಿ ಇನ್ನೂ ಗಂಭೀರವಾದುದು. ಹಸಿ ಎಲೆಯನ್ನು ಯಾರೂ ಸೇದುವುದಿಲ್ಲ. ಒಣಗಿಸಬೇಕು, ಪೇರಿಸಬೇಕು, ಕಾವು ಬರಿಸಿ ಹದಮಾಡಬೇಕು. ಹದವಾಗುವ ಈ ಅವಧಿಯಲ್ಲಿ ಎಲೆಯೊಳಗಿನ ನಿಕೋಟಿನ್ ಮತ್ತು ಅದರ ಬಂಧುಕ್ಷಾರಗಳು ನೈಟ್ರೈಟಿನೊಡನೆ ಕೂಡಿ ನೈಟ್ರೋಸಮೈನುಗಳೆಂಬ ವಸ್ತುಗಳಾಗುತ್ತವೆ. ಕ್ಯಾನ್ಸರ್ ತರುವವುಗಳಲ್ಲಿ ಇವು ಮುಖ್ಯವಾದವು. ಇವುಗಳನ್ನು ಯಾವ ಕಾರ್ಖಾನೆಯವರೂ ಬಾಟಲಿಯಿಂದ ಸುರಿಯುವುದಿಲ್ಲ. ಎಲೆಯಲ್ಲಿ ತಾವಾಗಿಯೇ ಹುಟ್ಟುತ್ತವೆ. ತೇವವೂ ಸೂಕ್ಷ್ಮಾಣುಗಳೂ ಹೆಚ್ಚಿದ್ದಷ್ಟೂ ಇವು ಹುಟ್ಟಲು ಅನುಕೂಲ ಹೆಚ್ಚು. ಅಡಿಗೆಮನೆಯ ಅಟ್ಟದ ಮೇಲೆ, ಗೋಣಿಯ ಅಡಿಯಲ್ಲಿ, ಉಷ್ಣಮಾಪಕವೂ ಇಲ್ಲದೆ ತೇವದ ಅಳತೆಯೂ ಇಲ್ಲದೆ ಎಲೆಗೆ ಬೂಸು ಬರಿಸುತ್ತಿರುವ ಮಹನೀಯರು ತಮ್ಮದನ್ನು ಶುದ್ಧವೆನ್ನುವುದು ಯಾವ ಅರ್ಥದಲ್ಲಿ? ಜೊತೆಗೆ ಈ ಗಿಡ ಮಣ್ಣಿನಿಂದ ಕ್ಯಾಡ್ಮಿಯಂ ಎಂಬ ಭಾರಲೋಹವನ್ನು ಎಳೆದು ಎಲೆಯಲ್ಲಿ ಕೂಡಿಡುವುದರಲ್ಲಿ ನಿಪುಣವಾದುದು. ಎಲ್ಲಿಂದಲೋ ಬಾಚಿ ತಂದ ಮಣ್ಣನ್ನು ಹಳೆಯ ಬಣ್ಣದ ಡಬ್ಬಕ್ಕೆ ತುಂಬಿದವರು ಈ ಮಾತನ್ನು ತುಸು ಯೋಚಿಸಲಿ. ಸೇದುವುದಾದರಂತೂ, ಯಾವ ಎಲೆ ಸುಟ್ಟರೂ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡೂ ಜಿಡ್ಡಾದ ಟಾರೂ ಇದ್ದೇ ಇರುತ್ತವೆ. ಮಾಳಿಗೆಯ ಮೇಲೆ ಬೆಳೆಯಿತೆಂಬ ದಾಕ್ಷಿಣ್ಯ ಬೆಂಕಿಗೆ ಇಲ್ಲ.

"ಸೇದುವುದಿಲ್ಲ, ಎಲೆಅಡಿಕೆಯೊಡನೆ ಚಿಟಿಕೆಯಷ್ಟು ಹಾಕಿಕೊಳ್ಳುತ್ತೇವೆ" ಎನ್ನುವವರಿಗೂ ಬಿಡುಗಡೆಯಿಲ್ಲ. ಹೊಗೆಯಿಲ್ಲದ ತಂಬಾಕನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ನಿಶ್ಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗದಲ್ಲಿಯೇ ಇರಿಸಿದೆ. ಜಗತ್ತಿನ ಬಾಯಿಯ ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ನಮ್ಮ ದೇಶದವರು. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ 28.6 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2009-10ರಲ್ಲಿ ಆ ಸಂಖ್ಯೆ 34.6 ಇತ್ತು. ಇಳಿದದ್ದು ಸಂತೋಷವೇ. ಇಳಿಸಲು ಎಷ್ಟು ಜನ ವೈದ್ಯರೂ ಉಪಾಧ್ಯಾಯರೂ ಗಂಟಲು ಹರಿದುಕೊಂಡಿರುವರೆಂಬುದು ನಮಗೆ ಗೊತ್ತು.

ಇದು ನಮ್ಮ ಪರಂಪರೆ ಎನ್ನುವವರೂ ಇದ್ದಾರೆ. ಇವರೊಡನೆ ವಾದಿಸುವುದು ಕನ್ನಡದ ಉಪಾಧ್ಯಾಯರಾದ ನಮಗೆ ಒಂದು ಬಗೆಯ ವಿನೋದ. ತಾಂಬೂಲ ನಮ್ಮ ಪರಂಪರೆಯೆಂಬುದು ನಿಜ. ಹಳಗನ್ನಡ ಕಾವ್ಯದಲ್ಲಿ ಬೇಕಾದಷ್ಟು ತಾಂಬೂಲವಿದೆ. ಹೊಗೆಸೊಪ್ಪು ಎಲ್ಲಿದೆ? ಪಂಪ ಅದನ್ನು ಕಂಡವನಲ್ಲ, ಬಸವಣ್ಣ ಕಂಡವನಲ್ಲ, ಕುಮಾರವ್ಯಾಸನೂ ಕಂಡವನಲ್ಲ. ಅಮೆರಿಕ ಖಂಡದ ಈ ಗಿಡ ನಮ್ಮಲ್ಲಿಗೆ ಬಂದದ್ದು ಪೋರ್ಚುಗೀಸರ ಹಡಗುಗಳು ಬಂದ ಮೇಲೆ. ಬಂದ ಕೆಲವೇ ವರ್ಷಗಳಲ್ಲಿ ಅದರ ಕೇಡನ್ನು ಕಂಡು 1617ರಲ್ಲಿ ಜಹಾಂಗೀರ್ ಬಾದಶಹನು ನಿಷೇಧದ ಆಜ್ಞೆ ಹೊರಡಿಸಿದನು. ಅದಕ್ಕೂ ಮುಂಚೆ, 1604ರಲ್ಲಿ, ಇಂಗ್ಲೆಂಡಿನ ದೊರೆ ಮೊದಲನೆಯ ಜೇಮ್ಸ್ ತಂಬಾಕನ್ನು ಜರೆದು ಒಂದು ಪುಸ್ತಕವನ್ನೇ ಬರೆದನು. ಇಬ್ಬರ ಮಾತನ್ನೂ ಪ್ರಜೆಗಳು ಕೇಳಲಿಲ್ಲವೆಂಬುದು ಬೇರೆ ಸಂಗತಿ. ಹೊರಗಿನಿಂದ ಬಂದದ್ದೆಂದೇ ಒಂದು ಗಿಡವನ್ನು ದೂಷಿಸುವುದು ನ್ಯಾಯವಲ್ಲ, ಒಪ್ಪುತ್ತೇವೆ. ಹಾಗಾದರೆ ಮೆಣಸಿನಕಾಯಿಯನ್ನೂ ಟೊಮೇಟೊವನ್ನೂ ಬಿಟ್ಟು ನಾವು ಸಾರು ಮಾಡಬೇಕಾದೀತು. ಆದರೆ ಹೊರಗಿನಿಂದ ಬಂದದ್ದಕ್ಕೆ ಪರಂಪರೆಯ ಪಟ್ಟ ಕಟ್ಟುವುದೂ ನ್ಯಾಯವಲ್ಲ. ನಮ್ಮ ಹಿರಿಯರು ಈ ಗಿಡಕ್ಕಿಟ್ಟ ಹೆಸರನ್ನಾದರೂ ಗಮನಿಸಬಾರದೇ? ದಂಟಿನಸೊಪ್ಪು, ಮೆಂತ್ಯಸೊಪ್ಪು, ಹರಿವೆಸೊಪ್ಪು, ನುಗ್ಗೆಸೊಪ್ಪು, ಎಲ್ಲವೂ ಗಡಿಗೆಗೆ ಹೋಗುವವು. ಇದೊಂದು ಸೊಪ್ಪಿಗೆ ಮಾತ್ರ ಅವರು ಹೊಗೆಯನ್ನು ಅಂಟಿಸಿದರು. ನಮ್ಮ ನೆರೆಯ ತಮಿಳರೂ ಪುಗೈಯಿಲೈ ಎಂದು ಅದೇ ಮಾತನ್ನು ಹೇಳಿದ್ದಾರೆ.

ಇಷ್ಟೂ ಬೆಳೆದವರ ಸಂಗತಿ. ಬೆಳೆದವರು ತಮ್ಮ ದೇಹವನ್ನು ಕೆಡಿಸಿಕೊಳ್ಳುವುದಾದರೆ ಕೆಡಿಸಿಕೊಳ್ಳಲಿ, ನಿಮಗೇನು ಎಂದು ಕೇಳಬಹುದು. ಕುಂಡಕ್ಕೆ ನೀರು ಹಾಕುವವರು ಯಾರು, ಮಹಾಶಯರೇ? ಮಗುವೇ ಅಲ್ಲವೇ? ಮನೆಯಲ್ಲಿ ಗಿಡವಿದ್ದರೆ ಅದಕ್ಕೆ ನೀರೆರೆಯುವುದೂ, ಹುಳು ಆರಿಸುವುದೂ, ಕುಡಿ ಚಿವುಟುವುದೂ, ಕಡೆಗೆ ಎಲೆಯನ್ನು ದಾರಕ್ಕೆ ಪೋಣಿಸುವುದೂ ಮಕ್ಕಳ ಪಾಲಿನ ಕೆಲಸ. ಮಲ್ಲಿಗೆ ಕಟ್ಟಿ ಪಳಗಿದ ನಮ್ಮ ಊರಿನ ಮಕ್ಕಳ ಬೆರಳಿಗೆ ಅದು ಕಷ್ಟವೂ ಅಲ್ಲ. ಹೊಗೆಸೊಪ್ಪಿನ ಎಲೆಯ ಮೇಲೆ ಸಣ್ಣ ರೋಮಗಳಿವೆ, ಅವುಗಳ ತುದಿಯಲ್ಲಿ ಅಂಟು. ಆ ಅಂಟು ಕೈಗೆ ಹತ್ತಿ ಕಪ್ಪಗಾಗುತ್ತದೆ. ಸಾಬೂನಿಗೂ ಸುಲಭವಾಗಿ ಬಿಡದು. ಎಲೆ ಮಂಜಿನಿಂದಲೋ ಮಳೆಯಿಂದಲೋ ನೆನೆದಿರುವಾಗ ಮುಟ್ಟಿದರೆ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕವೇ ರಕ್ತಕ್ಕಿಳಿಯುತ್ತದೆ. ತಲೆ ಸುತ್ತುವುದು, ಓಕರಿಕೆ, ವಾಂತಿ, ತಲೆನೋವು, ನಿತ್ರಾಣ. ಹೊಲದಲ್ಲಿ ದುಡಿಯುವವರಿಗೆ ಬರುವ ಈ ಬಾಧೆಗೆ ವೈದ್ಯಶಾಸ್ತ್ರದಲ್ಲಿ 'ಹಸಿ ತಂಬಾಕಿನ ಕಾಯಿಲೆ' ಎಂಬ ಹೆಸರೇ ಇದೆ. ನಿತ್ಯ ಸೇದುವವನಿಗಿಂತ ಎಂದೂ ಸೇದದವನಿಗೆ ಇದು ಬೇಗ ತಟ್ಟುತ್ತದೆ. ದೊಡ್ಡವರಿಗಿಂತ ಚಿಕ್ಕ ಮೈಯವರಿಗೆ ಕಡಿಮೆ ಪ್ರಮಾಣವೇ ಸಾಕು. ಬೆಳಗ್ಗೆ ಶಾಲೆಗೆ ಬಂದ ಹುಡುಗನೊಬ್ಬನು ಪ್ರಾರ್ಥನೆಯ ಸಾಲಿನಲ್ಲಿ ತಲೆತಿರುಗಿ ಕುಳಿತರೆ, ಉಪವಾಸ ಬಂದನೋ, ಬಿಸಿಲಿಗೆ ಬಳಲಿದನೋ ಎಂದು ಉಪಾಧ್ಯಾಯರಾದ ನಾವು ಕೇಳುತ್ತೇವೆ. ಬೆರಳಿನ ಕಪ್ಪನ್ನು ನೋಡಬೇಕೆಂದು ಎಷ್ಟು ಮಂದಿಗೆ ಹೊಳೆದೀತು?

ಇದಕ್ಕಿಂತಲೂ ಮನಸ್ಸಿಗೆ ನೋವುಂಟುಮಾಡುವ ಮತ್ತೊಂದು ಮಾತಿದೆ. ನಮ್ಮ ಅನೇಕ ಮನೆಗಳಲ್ಲಿ ಎಲೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಅಜ್ಜಿಯರಿದ್ದಾರೆ. ಕೂಲಿಯ ದಿನಗಳಲ್ಲಿ ಹಸಿವನ್ನು ಮರೆಯಲೆಂದು ಹಿಡಿದ ಸೊಪ್ಪು, ಹಲ್ಲು ಹೋದ ಮೇಲೂ ಬಿಟ್ಟಿಲ್ಲ. ಆ ಅಜ್ಜಿಯರನ್ನು ಗದರಿಸುವಷ್ಟು ಒರಟರು ನಾವಲ್ಲ. ಆದರೆ "ಅಜ್ಜಿಗೆ ದುಡ್ಡು ಉಳಿಯಲಿ" ಎಂದು ಮೊಮ್ಮಗನು ಕುಂಡದಲ್ಲಿ ಬೆಳೆಸಿ, ಒಣಗಿಸಿ, ತನ್ನ ಕೈಯಾರೆ ಅವಳ ಚೀಲಕ್ಕೆ ತುಂಬುವುದನ್ನು ಕಂಡು ಕೆಲವು ತಂದೆತಾಯಿಗಳು ಮೆಚ್ಚಿ ಮಾತನಾಡುತ್ತಾರಲ್ಲ, ಅದು ನಮಗೆ ಸಹ್ಯವಾಗುವುದಿಲ್ಲ. ಮಗುವಿನ ಅಕ್ಕರೆಯನ್ನು ಅಂಗಡಿಯವನ ಕೆಲಸಕ್ಕೆ ಹಚ್ಚಿದಂತಾಯಿತು. ನಾಳೆ ಅಜ್ಜಿಯ ದವಡೆಯಲ್ಲಿ ಬಿಳಿಯ ಮಚ್ಚೆಯೊಂದು ಎದ್ದು, ಅಡ್ಯಾರಿನ ಕ್ಯಾನ್ಸರ್ ಆಸ್ಪತ್ರೆಗೋ ಮಧುರೆಯ ದೊಡ್ಡಾಸ್ಪತ್ರೆಗೋ ಹೋಗಬೇಕಾಗಿ ಬಂದರೆ, ಆ ಹುಡುಗನು ತನ್ನ ಕೈಗಳನ್ನು ಹೇಗೆ ನೋಡಿಕೊಳ್ಳಬೇಕು? ಅಜ್ಜಿಗೆ ಉಪಕಾರವೇ ಮಾಡಬೇಕೆಂದಿದ್ದರೆ 1800-11-2356 ಎಂಬ ಸರ್ಕಾರದ ಉಚಿತ ದೂರವಾಣಿಗೆ ಅವಳ ಪರವಾಗಿ ಕರೆಮಾಡಿಕೊಡಲಿ. ಬಿಡಿಸುವ ಬಗೆಯನ್ನು ಅಲ್ಲಿ ಹೇಳಿಕೊಡುತ್ತಾರೆ.

ಕಾನೂನಿನ ಮಾತು. ಕುಂಡದಲ್ಲಿ ನಾಲ್ಕು ಗಿಡ ಬೆಳೆಯುವುದನ್ನು ಯಾವ ಶಾಸನ ತಡೆದಿದೆ ಎಂದು ಎದೆತಟ್ಟಿ ಕೇಳುವವರಿದ್ದಾರೆ. ತಂಬಾಕು ಮಂಡಳಿಯ ನೋಂದಣಿ 1975ರ ಅಧಿನಿಯಮದಂತೆ ವರ್ಜೀನಿಯಾ ಬೆಳೆಗಾರನಿಗೆ ಬೇಕು; ಎಲೆಯ ಮೇಲೆ 1943ರಲ್ಲಿ ಹೇರಿದ ಕೇಂದ್ರದ ಅಬಕಾರಿ ಸುಂಕ 1979ರಲ್ಲಿ ಹೋಯಿತು. ಆದ್ದರಿಂದ ನಾಟಿ ಸೊಪ್ಪಿನ ಕುಂಡವನ್ನು ಎಣಿಸಲು ಯಾವ ಅಧಿಕಾರಿಯೂ ಮಾಳಿಗೆ ಹತ್ತಲಾರನು. ಸರಿ. ಆದರೆ 2003ರ ಕಾಯಿದೆ ಏಕೆ ಬಂತು? ಹದಿನೆಂಟು ತುಂಬದವನಿಗೆ ಮಾರಕೂಡದು, ವಿದ್ಯಾಸಂಸ್ಥೆಯಿಂದ ನೂರು ಗಜದೊಳಗೆ ಮಾರಕೂಡದು ಎಂದು ಅದು ಹೇಳುವುದರ ಉದ್ದೇಶ, ಈ ವಸ್ತು ಮಗುವಿನ ಕೈಗೆ ಎಟಕಬಾರದೆಂಬುದು. ಮನೆಯ ಮೆಟ್ಟಿಲ ಮೇಲಿನ ಕುಂಡ ಮಗುವಿಗೆ ಎಷ್ಟು ಗಜ ದೂರ? ಪೊಟ್ಟಣದ ಮೇಲೆ ನೂರಕ್ಕೆ 85 ಭಾಗ ರೋಗದ ಚಿತ್ರವುಳ್ಳ ಎಚ್ಚರಿಕೆ ಮುದ್ರಿಸಬೇಕೆಂಬ ನಿಯಮ 2016ರಿಂದ ಜಾರಿಯಲ್ಲಿದೆ. ಕುಂಡದ ಗಿಡದಲ್ಲಿ ಯಾವ ಚಿತ್ರವಿದೆ? ಅದರ ತುದಿಯಲ್ಲಿ ನಸುಗೆಂಪಿನ ಚೆಲುವಾದ ಹೂಗೊಂಚಲಿದೆ, ಅಷ್ಟೇ. ಬೆಲೆ ಏರಿದರೆ ಎಳೆಯರು ಕೊಳ್ಳಲಾರರೆಂದು ತೆರಿಗೆ ಏರಿಸುತ್ತಾರೆ. ಕುಂಡದ ಎಲೆಗೆ ಬೆಲೆಯೇ ಇಲ್ಲ. ಅಂಗಡಿಯವನಾದರೂ ಒಮ್ಮೊಮ್ಮೆ "ಹೋಗೋ, ನಿನ್ನ ಅಪ್ಪನಿಗೆ ಹೇಳುತ್ತೇನೆ" ಎಂದು ಹುಡುಗನನ್ನು ಅಟ್ಟಿಯಾನು. ಅಪ್ಪನೇ ಬೆಳೆದಿಟ್ಟಾಗ ಅಟ್ಟುವವರಾರು?

ಇಷ್ಟು ಮಾಡಿ ಉಳಿತಾಯವೆಷ್ಟು ಎಂದು ಲೆಕ್ಕದ ಪಾಠದಂತೆ ನೋಡಿದರೂ ನಗು ಬರುತ್ತದೆ. ಹೊಲದಲ್ಲಿ ಹುಲುಸಾಗಿ ಬೆಳೆದ ಗಿಡವೊಂದಕ್ಕೇ ದೊರೆಯುವ ಒಣ ಎಲೆ ಸ್ವಲ್ಪ. ಬೇರು ಹರಡಲು ತಾವಿಲ್ಲದ ಕುಂಡದಲ್ಲಿ ಅದಕ್ಕಿಂತ ಬಹಳ ಕಡಿಮೆ. ನಾಲ್ಕು ತಿಂಗಳು ನೀರು ಹೊತ್ತದ್ದಕ್ಕೆ ಇದು ಫಲ. ಅದೇ ನೀರಿಗೆ ಒಂದು ಬಸಳೆಬಳ್ಳಿ ಮನೆಮಂದಿಗೆಲ್ಲ ಸಾರಾದೀತು.

ಅಕ್ಕಪಕ್ಕದ ಕುಂಡಗಳ ಗತಿಯನ್ನೂ ಹೇಳಬೇಕು. ಟೊಮೇಟೊ, ಬದನೆ, ಮೆಣಸಿನಕಾಯಿ, ಹೊಗೆಸೊಪ್ಪು ಇವೆಲ್ಲ ಒಂದೇ ಕುಟುಂಬದ ಗಿಡಗಳು; ಒಂದರ ರೋಗ ಇನ್ನೊಂದಕ್ಕೆ ಹತ್ತುತ್ತದೆ. ಎಲೆಯ ಮೇಲೆ ಹಳದಿ ಹಸುರಿನ ಚಿತ್ತಾರ ಮೂಡಿಸುವ ಮೊಸಾಯಿಕ್ ರೋಗದ ವೈರಸ್ ಹೊಗೆಸೊಪ್ಪಿನ ಒಣ ಎಲೆಯಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಎಲೆ ಹಿಸುಕಿದ ಕೈಯಿಂದ ಟೊಮೇಟೊ ಸಸಿಯನ್ನು ಮುಟ್ಟಿದರೆ ಸಾಕು. ಎಲೆಮುದುಡು ರೋಗವನ್ನು ಬಿಳಿನೊಣ ಹೊತ್ತು ತರುತ್ತದೆ. ಶಾಲೆಯ ಕೈತೋಟದಲ್ಲಿ ಮಧ್ಯಾಹ್ನದ ಊಟಕ್ಕೆಂದು ಮಕ್ಕಳು ನೆಟ್ಟ ಟೊಮೇಟೊ ಸಾಲಿನ ಪಕ್ಕಕ್ಕೆ ಇಂಥ ಕುಂಡವನ್ನು ತಂದಿಡಬೇಕೆನ್ನುವ ಮಿತ್ರರು ಕೃಷಿಯನ್ನಾದರೂ ಬಲ್ಲರೇ?

ಅವರ ಒಂದು ಮಾತು ಮಾತ್ರ ಪರಿಶೀಲನೆಗೆ ಯೋಗ್ಯ. ವಿಜ್ಞಾನಕ್ಕೆ ಈ ಗಿಡದಿಂದ ಉಪಕಾರವಾಗಿದೆ ಎನ್ನುತ್ತಾರೆ. ಆಗಿದೆ. ಈಗ ಹೇಳಿದ ಮೊಸಾಯಿಕ್ ರೋಗದ ರಸವನ್ನು ರಷ್ಯದ ಇವನೋವ್‌ಸ್ಕಿ 1892ರಲ್ಲಿ ಬ್ಯಾಕ್ಟೀರಿಯ ತೂರದ ಪಿಂಗಾಣಿ ಸೋಸುಕದಲ್ಲಿ ಸೋಸಿದರೂ ಅದು ರೋಗ ಹರಡಿತು. 1898ರಲ್ಲಿ ಹಾಲೆಂಡಿನ ಬೈಯರಿಂಕನು ಆ ಸೋಂಕಿಗೆ ವೈರಸ್ ಎಂಬ ಹೆಸರನ್ನು ಬಳಸಿದನು. 1935ರಲ್ಲಿ ಅಮೆರಿಕದ ಸ್ಟಾನ್ಲಿ ಅದನ್ನು ಹರಳಾಗಿಸಿ ತೋರಿಸಿ 1946ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದನು. ಈ ಕಥೆಯನ್ನು ನಾವು ತರಗತಿಯಲ್ಲಿ ಉತ್ಸಾಹದಿಂದಲೇ ಹೇಳುತ್ತೇವೆ, ಕರಿಹಲಗೆಯ ಮೇಲೆ ಎಲೆಯ ಚಿತ್ರವನ್ನೂ ಬರೆಯುತ್ತೇವೆ. ಅದಕ್ಕೆ ಗಿಡ ಬೇಕಿಲ್ಲ. ಹುಲಿಯ ಪಾಠಕ್ಕೆ ಹುಲಿಯನ್ನು ತರಗತಿಗೆ ತರುವವರುಂಟೇ? ಕೈತೋಟವೆಂಬುದು ಮಗು ಪ್ರೀತಿಸಲು ಕಲಿಯುವ ತಾಣ. ತಾನು ಬಿತ್ತಿದ್ದನ್ನು ಮಗು ನಂಬುತ್ತದೆ. 2019ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ತಂಬಾಕುಮುಕ್ತ ವಿದ್ಯಾಸಂಸ್ಥೆಗಳ ಬಗ್ಗೆ ಪರಿಷ್ಕೃತ ಸೂಚನೆಗಳನ್ನು ಹೊರಡಿಸಿದೆ. ಬಾಗಿಲಲ್ಲಿ ಆ ಫಲಕವನ್ನು ತೂಗುಹಾಕಿ, ಒಳಗೆ ಕುಂಡದಲ್ಲಿ ಅದೇ ಗಿಡವನ್ನಿಟ್ಟು ನೀರೆರೆಸುವ ಶಾಲೆಯ ಮಾತನ್ನು ಮಕ್ಕಳು ಮುಂದೆ ಯಾವ ವಿಷಯದಲ್ಲಿ ನಂಬಿಯಾರು?

ಹುಳು ಕೊಲ್ಲಲು ಕಷಾಯಕ್ಕಾಯಿತು ಎಂಬ ನೆಪವೂ ಬೇಡ. ಬೇವಿನ ಬೀಜ ನಮ್ಮ ಊರಿನ ಬೀದಿಬೀದಿಯಲ್ಲಿ ಬಿದ್ದಿದೆ.

ಈಗಾಗಲೇ ಗಿಡ ನೆಟ್ಟವರು ಏನು ಮಾಡಬೇಕೆಂದು ಕೇಳಿಯಾರು. ಹೂ ಕಾಯಿಗಟ್ಟುವುದಕ್ಕೆ ಮೊದಲೇ ಕಿತ್ತುಬಿಡಿ. ಬೀಜ ಎಷ್ಟು ಸಣ್ಣದೆಂದರೆ ಒಂದು ಗ್ರಾಮಿಗೆ 10,000ಕ್ಕೂ ಮೇಲೆ ತೂಗುತ್ತದೆ, ಸಿಡಿದರೆ ಎಲ್ಲೆಲ್ಲಿ ಬಿದ್ದೀತೋ ತಿಳಿಯದು. ಬಿಸಿಲೇರಿ ಎಲೆ ಒಣಗಿರುವಾಗ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಮಕ್ಕಳನ್ನು ದೂರವಿಟ್ಟು, ದೊಡ್ಡವರೇ ಕೀಳಬೇಕು. ಸುಡಬೇಡಿ, ಆಡು ಮೇಯುವಲ್ಲಿ ಬಿಸಾಡಬೇಡಿ. ತಗ್ಗು ತೋಡಿ ಹೂತುಬಿಡಿ. ಅನಂತರ ಸಾಬೂನಿನಿಂದ ಕೈತೊಳೆಯದೆ ಬೇರೆ ಗಿಡವನ್ನು ಮುಟ್ಟಕೂಡದು. ಆ ಕುಂಡದ ಮಣ್ಣಿಗೆ ಟೊಮೇಟೊ, ಬದನೆ, ಮೆಣಸಿನ ಗಿಡಗಳನ್ನು ಸದ್ಯಕ್ಕೆ ನೆಡಬೇಡಿ. ಚೆಂಡುಹೂವಿನ ಬೀಜ ಹಾಕಿ. ಬೇರುಗಂಟಿನ ಹುಳುವನ್ನು ಅದು ಹತ್ತಿಕ್ಕುತ್ತದೆ. ಎರಡು ತಿಂಗಳಲ್ಲಿ ಹೂ ಬಂದಾಗ ಮಕ್ಕಳೇ ಕಿತ್ತು ಮಾಲೆ ಕಟ್ಟಲಿ.